ನಾಲ್ಕು ಬೆರಳು ಹೆಚ್ಚಿನ ಮೇಣದ ಬತ್ತಿ

ಮುನಿರತ್ನಕ್ಕನ ಗಂಡ ಗೋಪಾಲಪ್ಪಣ್ಣನಿಗೆ ಗೊತ್ತಿಲ್ಲದ ನೇಮವೇ ಇಲ್ಲ. ವರ್ಷ ತಪ್ಪದೆ ಶಬರಿಮಲೆಗೆ ಹೋಗಿ ಬಂದು, ಹೊಸೂರಿನ ಪಕ್ಕ ಮತ್ತಿಗಿರಿಯ ನಮ್ಮ ಬೀದಿಗೆಲ್ಲ ಗುರುಸ್ವಾಮಿಯಾದ ಮನುಷ್ಯ. ಯಾವ ಕಾಲು ಮುಂದಿಟ್ಟು ಹೊಸ್ತಿಲು ದಾಟಬೇಕು, ಯಾವ ವಾರ ಎಣ್ಣೆ ಮನೆಗೆ ತರಬಾರದು, ಎಲ್ಲದಕ್ಕೂ ಅವನಲ್ಲಿ ಉತ್ತರವಿದೆ. ಕೇಳದಿದ್ದರೂ ಹೇಳುತ್ತಾನೆ. ಆ ನೇಮಗಳಲ್ಲಿ ಒಂದು ಮುನಿರತ್ನಕ್ಕನ ಎದೆ ಒಡೆದ ಕಥೆ ಇದು. ನಾನು ಅವರ ಪಕ್ಕದ ಮನೆಯ ಚಂದ್ರಲೇಖಾ. ಕೋಲಾರದ ಕಡೆಯವಳು, ಗಂಡನ ಫ್ಯಾಕ್ಟರಿ ಕೆಲಸದ ಬೆನ್ನು ಹಿಡಿದು ಇಲ್ಲಿಗೆ ಬಂದು ಬಟ್ಟೆ ಹೊಲಿದುಕೊಂಡಿದ್ದೇನೆ. ಸಿಟ್ಟಿನವಳು ಎಂದು ಬೀದಿಯಲ್ಲಿ ಹೆಸರಿದೆ. ಈ ವಿಷಯವನ್ನಂತೂ ಸಿಟ್ಟಿಲ್ಲದೆ ಹೇಳಲು ನನಗೆ ಬರುವುದಿಲ್ಲ.

ಮುನಿರತ್ನಕ್ಕ ಹುಟ್ಟಿದ್ದು ಅಂಚೆಟ್ಟಿಯಾಚೆ ಕಾಡಂಚಿನ ನಾಟ್ರಾಂಪಾಳ್ಯದಲ್ಲಿ. ಆನೆ ಬಂದರೆ ತಗಡು ಬಡಿದು ರಾಗಿ ಹೊಲ ಕಾದವಳು. ಮದುವೆಯಾಗಿ ಮತ್ತಿಗಿರಿಗೆ ಬಂದ ಮೇಲೆ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಳು. ಒಬ್ಬಳೇ ಮಗಳು ಶ್ರೀವಿದ್ಯಾ. ಅಳಿಯ ವೆಂಕಿ ಇವರ ಮನೆಯಲ್ಲೇ ಇದ್ದಾನೆ. ಮೊಮ್ಮಕ್ಕಳು ಇಬ್ಬರು, ಸಿಂಚನಾ ಮತ್ತು ಅವಳ ಪುಟ್ಟ ತಮ್ಮ ಅನಿರುದ್ಧ. ಮಗಳು ಅಳಿಯ ಇಬ್ಬರೂ ಶಿಫ್ಟಿಗೆ ಹೋಗುವವರು, ಹಾಗಾಗಿ ಸಿಂಚನಾಳಿಗೆ ತಲೆ ಬಾಚಿ, ತುತ್ತು ಕೊಟ್ಟು, ಬೈದು ಬೆಳೆಸಿದ್ದೆಲ್ಲ ಅಜ್ಜಿಯೇ. ಆ ಹುಡುಗಿಯೂ ಅಷ್ಟೇ, ಅಜ್ಜಿಯ ಸೆರಗು ಬಿಟ್ಟವಳಲ್ಲ. ಮೂರು ಹೊತ್ತೂ ಬಾಯಿ. ನನ್ನ ಮಿಷನ್ನಿನ ಸದ್ದಿಗಿಂತ ಅವಳ ಮಾತೇ ಜೋರು.

ಈ ವರ್ಷ ಶಾಲೆ ತೆರೆದ ಹೊಸತರಲ್ಲಿ ಒಂದು ಬೆಳಿಗ್ಗೆ ಸಿಂಚನಾ ಶೂ ಹಿಡಿಸುತ್ತಿಲ್ಲ, ಶಾಲೆಗೆ ಹೋಗಲ್ಲ ಎಂದು ಹಟ ಹಿಡಿದಳು. ಹೊಸ ಶೂ. ವಾರದ ಹಿಂದೆ ಕೊಂಡದ್ದು. ಮುನಿರತ್ನಕ್ಕನಿಗೆ ಕ್ಯಾಂಟೀನಿಗೆ ಹೊತ್ತಾಗಿತ್ತು. ಮಗು ನಾಟಕ ಮಾಡುತ್ತಿದೆ ಎಂದುಕೊಂಡು ಬೆನ್ನಿಗೊಂದು ಬಾರಿಸಿ, ಕಾಲನ್ನು ಶೂ ಒಳಗೆ ತುರುಕಿ, ಲೇಸು ಬಿಗಿದು ಕಳಿಸಿದಳು. ಸಂಜೆ ಶೂ ಬಿಚ್ಚಿದಾಗ ಪಾದದ ಮೇಲೆ ಲೇಸಿನ ಗುರುತು ಗುಳಿಬಿದ್ದು ಕೂತಿತ್ತು, ಎಷ್ಟು ಹೊತ್ತಾದರೂ ಹೋಗಲಿಲ್ಲ. ಮಾರನೆ ದಿನ ಮುಖವೂ ಊದಿತು. ಆಸ್ಪತ್ರೆಯಲ್ಲಿ ಕಿಡ್ನಿ ಕೆಟ್ಟಿದೆ ಎಂದರು.

ಅಲ್ಲಿಂದ ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಆಷಾಢದ ಹೊತ್ತಿಗೆ ಮಗುವಿಗೆ ಎರಡು ಮಾತಿಗೊಂದು ಸಲ ಏದುಸಿರು ಬರುತ್ತಿತ್ತು. ಅಷ್ಟು ಮಾತಿನ ಮಲ್ಲಿ ಸನ್ನೆಯಲ್ಲಿ ನೀರು ಕೇಳುತ್ತಿದ್ದಳು. ಮುನಿರತ್ನಕ್ಕ ಮಾತ್ರ ಒಂದೇ ಮಾತು ಹಿಡಿದು ಕೂತಳು. "ನಾನೇ ಕಣೆ ಚಂದ್ರಾ. ಊದಿರೋ ಕಾಲ್ನ ಶೂ ಒಳೀಕೆ ತುರುಕ್ದೆ. ಅದು ಅತ್ಕಂಡೇ ಹೋಯ್ತು." ಶೂ ಹಾಕಿದ್ದಕ್ಕೆ ಯಾರಿಗಾದರೂ ಕಿಡ್ನಿ ಕೆಡುತ್ತದೆಯೇ ಎಂದು ನಾನು ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ.

ಅವಳ ಜೊತೆ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಸೆಲ್ವಿ ಕ್ರೈಸ್ತಳು. ಮತ್ತಿಗಿರಿಯಿಂದ ಪ್ರತಿ ಆಗಸ್ಟಿನಲ್ಲಿ ಒಂದು ಗುಂಪು ಕಾವಿ ಉಟ್ಟು, ಕೊರಳಿಗೆ ಜಪಮಾಲೆ ಹಾಕಿ, ಮಾತೆಯ ಪ್ರತಿಮೆಯನ್ನು ಪುಟ್ಟ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ವೇಳಾಂಗಣಿಗೆ ಬರಿಗಾಲಲ್ಲಿ ನಡೆಯುತ್ತದೆ. ಸೆಲ್ವಿ ಆ ಗುಂಪಿನ ಮುಂದಾಳು. ಹಿಂದೂಗಳೂ ಬೇಕಾದಷ್ಟು ಜನ ಹೋಗುತ್ತಾರೆ, ಅದರಲ್ಲಿ ಹೊಸದೇನಿಲ್ಲ. ಮಾಡಿದ ತಪ್ಪಿಗೆ ಕಾಲು ನೋಯಿಸಿಕೊಂಡು ನಡೆಯುವ ಯಾತ್ರೆ ಅದು ಎಂದು ಸೆಲ್ವಿ ಹೇಳಿದ್ದೇ ತಡ, ಮುನಿರತ್ನಕ್ಕ ನಾನೂ ಬರುತ್ತೇನೆ ಎಂದಳು. ನಡೆದು ಹೋಗುವುದು, ಅಲ್ಲಿನ ಮರಳು ದಾರಿಯಲ್ಲಿ ಮಂಡಿಯೂರಿ ಸಾಗುವುದು, ಕೊನೆಗೆ ಮಗುವಿನ ಎತ್ತರದ ಮೇಣದ ಬತ್ತಿ ಕೊಡುವುದು, ಇಷ್ಟು ಹರಕೆ.

ಬತ್ತಿಯ ಅಳತೆಗೆ ದಾರ ಬೇಕೆಂದು ನನ್ನ ಅಂಗಡಿಗೆ ಬಂದಳು. ದಪ್ಪ ದಾರಕ್ಕೆ ಅರಿಸಿನ ಹಚ್ಚಿಕೊಟ್ಟು ನಾನೂ ಜೊತೆಗೆ ಹೋದೆ. ಸಿಂಚನಾ ಮಲಗಿದ್ದಳು. ಮಲಗಿದ ಹಾಗೇ ಅಳೆಯೋಣ ಎಂದು ವೆಂಕಿ ಅಂದದ್ದಕ್ಕೆ ಗೋಪಾಲಪ್ಪಣ್ಣ ಹೌಹಾರಿದ. ಮಲಗಿಸಿ ಅಳೆಯುವುದು ಹೆಣವನ್ನು ಮಾತ್ರವಂತೆ. ಸರಿ, ಮಗುವನ್ನು ಎಬ್ಬಿಸಿ ಬಾಗಿಲವಾಡಕ್ಕೆ ಒರಗಿಸಿ ನಿಲ್ಲಿಸಿದೆವು. ಅಜ್ಜಿ ದಾರ ಹಿಡಿದು ಬಗ್ಗಿದಳು. ಅಷ್ಟರಲ್ಲಿ ಆ ಕಳ್ಳಿ ಹಿಮ್ಮಡಿ ಎತ್ತಿ ಬೆರಳ ತುದಿಯಲ್ಲಿ ನಿಂತಿದ್ದಳು.

"ಹಿಮ್ಮಡಿ ಊರು, ಕತ್ತೆ," ಎಂದಳು ಅಜ್ಜಿ.

"ಉದ್ದದ್ ಬತ್ತಿ ಕೊಟ್ರೆ... ಜಾಸ್ತಿ ಆಯಸ್ಸು ಕೊಡ್ತಾಳೆ ಅಜ್ಜಿ," ಎಂದಿತು ಮಗು, ನಡುವೆ ಉಸಿರು ಎಳೆದುಕೊಂಡು.

"ದೇವ್ರತ್ರ ಸುಳ್ಳು ಅಳತೆ ಕೊಡ್ಬಾರ್ದು ಕಣೆ. ಊರು."

ಮಗು ಊರಿತು. ಮುನಿರತ್ನಕ್ಕ ದಾರವನ್ನು ಸರಿಯಾಗಿ ಕತ್ತರಿಸಿ, ಸುತ್ತಿ, ಸೊಂಟದ ಚೀಲದಲ್ಲಿಟ್ಟುಕೊಂಡಳು.

ಹೊರಡುವ ದಿನ ಚರ್ಚಿನ ಮುಂದೆ ಫಾದರ್ ಎಲ್ಲರ ತಲೆಯ ಮೇಲೂ ಕೈಯಿಟ್ಟರು. ಮಾತೆಯ ಹತ್ತಿರ ವ್ಯಾಪಾರ ಮಾಡಲು ಹೋಗಬೇಡಿ, ಮುರಿದ ಮನಸ್ಸು ತೆಗೆದುಕೊಂಡು ಹೋಗಿ ಎಂದರು. ಗೋಪಾಲಪ್ಪಣ್ಣನೂ ತನ್ನ ಪಾಲಿನದು ಹೇಳದೆ ಬಿಡಲಿಲ್ಲ. ತಣ್ಣೀರು ಸ್ನಾನ, ಚಾಪೆ ಬೇಡ, ಮನೆಯಲ್ಲಿ ಸಾವಾದ ಸುದ್ದಿ ಕಿವಿಗೆ ಬಿದ್ದರೆ ಆ ಗಳಿಗೆಗೇ ಮಾಲೆ ತೆಗೆಯಬೇಕು. ಶಬರಿಮಲೆಯ ನೇಮವನ್ನು ತಂದು ವೇಳಾಂಗಣಿಗೆ ಹೊಂದಿಸಿಬಿಟ್ಟ. ಯಾರೂ ಅದನ್ನು ತಿದ್ದಲಿಲ್ಲ, ಏಕೆಂದರೆ ಅವನು ಹೇಳುವುದನ್ನು ಯಾರೂ ಪೂರ್ತಿ ಕೇಳುವುದೇ ಇಲ್ಲ. ಅಕ್ಕನ ಆಸರೆಗೆಂದು ನಾಟ್ರಾಂಪಾಳ್ಯದಿಂದ ಅವಳ ತಮ್ಮ ಸುಬ್ರಮಣಿ ಬಂದಿದ್ದ. ಬಾಯಿ ಸತ್ತ ಬೇಸಾಯಗಾರ, ಭಾವನ ಮಾತೆಂದರೆ ವೇದವಾಕ್ಯ. ಅವರು ಹೊರಟರು. ನಾನು ಆವತ್ತೇ ಮಗಳ ಬಾಣಂತನಕ್ಕೆಂದು ಮಾಲೂರಿಗೆ ಹೋದೆ. ಮುಂದಿನದೆಲ್ಲ ಸೆಲ್ವಿಯ ಬಾಯಿಂದ, ಸುಬ್ರಮಣಿಯ ಬಾಯಿಂದ ನಾನು ಕೇಳಿದ್ದು.

ದಿನಾ ಸಂಜೆ ಸುಬ್ರಮಣಿಯ ಫೋನಿನಲ್ಲಿ ಮಗುವಿನ ಜೊತೆ ಮಾತು. ಮಾತೆಂದರೆ ಮಾತಲ್ಲ, ಅಜ್ಜಿ ಕೇಳುವುದು, ಮಗು ಹೂಂ ಅನ್ನುವುದು. ಶೂಳಗಿರಿ ದಾಟಿದೆವು ಅಂದರೆ ಹೂಂ. ಕೃಷ್ಣಗಿರಿ ಬೆಟ್ಟ ಕಾಣುತ್ತಿದೆ ಅಂದರೆ ಹೂಂ. ಮೂರನೆಯ ದಿನ ಗುಂಪು ಕಾವೇರಿಪಟ್ಟಣದ ಹತ್ತಿರ ಒಂದು ಮಾವಿನ ಮಂಡಿಯಲ್ಲಿ ತಂಗಿತ್ತು. ಹಂಗಾಮು ಮುಗಿದು ಖಾಲಿ ಬಿದ್ದ ಶೆಡ್ಡು, ನೆಲದಲ್ಲಿ ಇನ್ನೂ ಹುಳಿವಾಸನೆ. ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಸಿಂಚನಾ ತೀರಿಕೊಂಡಳು.

ಶ್ರೀವಿದ್ಯಾ ಎಚ್ಚರ ತಪ್ಪಿ ಬಿದ್ದಿದ್ದಳು, ವೆಂಕಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಗೋಪಾಲಪ್ಪಣ್ಣ ಸುಬ್ರಮಣಿಗೆ ಫೋನ್ ಮಾಡಿದ.

"ಕೂಸು ಹೋಗ್ಬುಡ್ತು ಕಣ್ಲಾ ಸುಬ್ಬು."

ಸುಬ್ರಮಣಿ ಅಳುತ್ತಲೇ, "ಅಕ್ಕನ್ನ ಕರ್ಕಂಡು ಈಗ್ಲೇ ಬಸ್ ಹತ್ತೀನಿ ಭಾವ," ಎಂದ.

"ಬ್ಯಾಡ ಕಣ್ಲಾ! ಅವ್ಳ ಕತ್ನಲ್ಲಿ ಮಾಲೆ ಐತೆ. ಕೇಳಿದ್ರೆ ತಾನೆ ಸೂತ್ಕ? ಕಿವಿಗೆ ಬಿದ್ದ ಗಳಿಗೇಲಿ ಮಾಲೆ ತೆಗೀಬೇಕಾಯ್ತದೆ. ಹರಕೆ ಅರ್ಧಕ್ಕೆ ನಿಂತ್ರೆ ಆ ತಾಯಿ ಸುಮ್ಕಿರ್ತಾಳೇನ್ಲಾ? ಒಂದು ಹೋಯ್ತು. ಇನ್ನೊಂದು ಐತೆ ಮನೇಲಿ."

ಅನಿರುದ್ಧನ ಪ್ರಸ್ತಾಪ ಬಂದ ಮೇಲೆ ಸುಬ್ರಮಣಿ ಬಸ್ಸಿನ ಮಾತು ಬಿಟ್ಟ. ಗೋಪಾಲಪ್ಪಣ್ಣ ಕೆಟ್ಟವನಲ್ಲ, ಅದನ್ನೂ ಹೇಳಬೇಕು. ಆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆ ಸುತ್ತಿದವನು ಅವನೇ. ಹೆದರಿದ್ದ. ಹೆದರಿದವನ ಕೈಗೆ ನೇಮ ಸಿಕ್ಕರೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ.

ಸಂಜೆ ಮುನಿರತ್ನಕ್ಕ ಬೊಬ್ಬೆ ಎದ್ದ ಪಾದಕ್ಕೆ ಹರಳೆಣ್ಣೆ ಹಚ್ಚುತ್ತ, "ಮನೆಗೆ ಫೋನ್ ಮಾಡೋ," ಎಂದಳು. ಡಾಕ್ಟರು ಮಾತಾಡಿಸಬೇಡಿ ಎಂದಿದ್ದಾರೆ ಎಂದ ಸುಬ್ರಮಣಿ. ಅವಳ ಕೈ ನಿಂತಿತು.

"ಯಾಕಂತೆ? ಜಾಸ್ತಿ ಆಗೈತಾ?"

"ಇಲ್ಲಕ್ಕ."

"ನನ್ ಮನ್ಸು ತಡೀತಿಲ್ಲ ಕಣ್ಲಾ. ಕೃಷ್ಣಗಿರೀಗೆ ಹೋದ್ರೆ ಬಸ್ ಸಿಗ್ತದೆ. ಹೋಗಿ ಒಂದ್ಸಲ ಮಖ ನೋಡ್ಕಂಡು, ಬೆಳಿಗ್ಗೆ ಇಲ್ಲಿಗೇ ಬಂದು ಮತ್ತೆ ನಡೀತೀನಿ." ಎದ್ದೇಬಿಟ್ಟಳು. ಚೀಲ ಹೆಗಲಿಗೆ ಹಾಕಿದಳು.

ಬಿಟ್ಟಿದ್ದರೆ ಸಾಕಿತ್ತು. ಒಂದೂವರೆ ಗಂಟೆಯ ದಾರಿ. ಮಗುವನ್ನು ಆಗಷ್ಟೇ ಮನೆಗೆ ತಂದು ಮಲಗಿಸಿದ್ದರು, ಮಣ್ಣು ಮಾಡಿದ್ದು ಮಾರನೆ ಬೆಳಿಗ್ಗೆ. ಸುಬ್ರಮಣಿಗೆ ದಿಕ್ಕು ತೋಚಲಿಲ್ಲ. ಅಕ್ಕನನ್ನು ತಡೆಯಬೇಕು, ಅಷ್ಟೇ ತಲೆಯಲ್ಲಿದ್ದದ್ದು. ಫೋನ್ ಒತ್ತುತ್ತ ಒತ್ತುತ್ತ ಒಂದು ಹಳೆಯ ವಾಯ್ಸ್ ಮೆಸೇಜು ಕಣ್ಣಿಗೆ ಬಿತ್ತು. ಹೋದ ಸುಗ್ಗಿಯಲ್ಲಿ ಮುನಿರತ್ನಕ್ಕ ರಾಗಿ ಒಕ್ಕಣೆಗೆಂದು ನಾಟ್ರಾಂಪಾಳ್ಯಕ್ಕೆ ಹೋಗಿದ್ದಾಗ ಸಿಂಚನಾ ಅಮ್ಮನ ಫೋನಿನಿಂದ ಕಳಿಸಿದ್ದು. ಅಂಚೆಟ್ಟಿ ದಾಟಿದರೆ ಟವರ್ ಇಲ್ಲ. ತಿಂಗಳ ಮೇಲೆ ಅವನು ಪೇಟೆಗೆ ಬಂದಾಗ ಅದು ಬಂದು ಬಿದ್ದಿತ್ತು, ಅಷ್ಟರಲ್ಲಿ ಅಕ್ಕ ಮತ್ತಿಗಿರಿಗೆ ವಾಪಸಾಗಿದ್ದಳು. ಕೇಳಿಸದೆ ಹಾಗೇ ಬಿಟ್ಟಿದ್ದ. ಈಗ, "ತಗೋ ಅಕ್ಕ, ಈಗ ಬಂತು," ಎಂದು ಅದನ್ನು ಹಾಕಿದ.

"ಅಜ್ಜೀ, ನಾನು ಕಣಜ್ಜಿ. ನಾನು ಉಂಡೆ. ನೀನು ಉಂಡ್ಯಾ? ಸುಬ್ಬು ತಾತನ್ ಜೊತೆ ಜಗಳ ಆಡ್ಬ್ಯಾಡ. ಬಿರ್ನೆ ಬಾ. ಬರೋವಾಗ ನಂಗೇನಾರ ತಕಂಡ್ಬಾ."

ಮುನಿರತ್ನಕ್ಕ ಇನ್ನೊಂದು ಸಲ ಹಾಕು ಎಂದಳು. ಕೇಳಿದಳು. ಮತ್ತೊಂದು ಸಲ.

"ಏದುಸ್ರೇ ಇಲ್ವಲ್ಲೋ! ಒಂದೇ ಉಸ್ರಲ್ಲಿ ಮಾತಾಡವ್ಳಲ್ಲೋ ನನ್ ಬಂಗಾರ!"

ಚೀಲ ಅಲ್ಲೇ ಬಿಟ್ಟು ಓಡಿ ಹೋಗಿ ಮಾತೆಯ ಗಾಡಿಯ ಮುಂದೆ ಅಡ್ಡಬಿದ್ದಳು. ಸೆಲ್ವಿಗೆ ಕೇಳಿಸಿದಳು. ಗುಂಪಿನವರಿಗೆಲ್ಲ ಕೇಳಿಸಿದಳು. ಪಾಪ, ಅವರು ಏನು ಬಲ್ಲರು, ಎಲ್ಲರೂ ಸೇರಿ ಮಾತೆಗೆ ಹಾಡು ಹಾಡಿದರು. ಸುಬ್ರಮಣಿ ಶೆಡ್ಡಿನ ಹಿಂದೆ ಹೋಗಿ ತಿಂದದ್ದನ್ನೆಲ್ಲ ಕಾರಿಕೊಂಡ.

ಅಲ್ಲಿಂದ ಮುಂದೆ ಮುನಿರತ್ನಕ್ಕ ನಡೆದದ್ದೇ ಬೇರೆ ನಡಿಗೆಯಂತೆ. ಗಾಡಿಯ ಹಗ್ಗ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಸೇಲಂ ದಾಟಿದ ಮೇಲೆ ಪಾದ ಬಿರಿದು ರಕ್ತ ಬಂದರೂ, "ಸುರೀಲಿ ಬಿಡು, ಶೂ ಬಾಕಿ ತೀರ್ತೈತೆ," ಎನ್ನುತ್ತಿದ್ದಳು. ದಾರಿಯಲ್ಲಿ ನೀರು ಮಜ್ಜಿಗೆ ಕೊಟ್ಟವರಿಗೆಲ್ಲ ಮೊಮ್ಮಗಳ ಧ್ವನಿ ಕೇಳಿಸುವಳು. ತಮಿಳರಿಗೆ ಕನ್ನಡ ತಿಳಿಯದು. ಆದರೂ ಮಗುವಿನ ದನಿ ಕೇಳಿ ಅವರು ನಕ್ಕರೆ ಇವಳಿಗೆ ಹೊಟ್ಟೆ ತುಂಬುತ್ತಿತ್ತು. ಸಂಜೆ ಫೋನ್ ಮಾಡಿದರೆ ಗೋಪಾಲಪ್ಪಣ್ಣ, ಇಂಜೆಕ್ಷನ್ ಕೊಟ್ಟಿದ್ದಾರೆ, ಮಾತಾಡಲ್ಲ ಎನ್ನುವನು. ಅವನ ಗಂಟಲು ಕಟ್ಟಿದ್ದು ಕೇಳಿದರೆ ನೆಗಡಿ ಎನ್ನುವನು. ಅವಳು ಕಷಾಯ ಕುಡಿಯಿರಿ ಎಂದು ಹೇಳಿ ಫೋನ್ ಇಡುವಳು.

ವೇಳಾಂಗಣಿ ತಲುಪಿದಾಗ ಸಮುದ್ರ ನೋಡಲೂ ನಿಲ್ಲದೆ ಬತ್ತಿಯ ಅಂಗಡಿಗೆ ನಡೆದಳು. ಸೆಲ್ವಿ ಪಕ್ಕದ ಅಂಗಡಿಯಲ್ಲಿ ಹೂಮಾಲೆ ಕೊಳ್ಳುತ್ತಿದ್ದಳು. ಅಂಗಡಿಯವನು ಉದ್ದನೆಯ ದಪ್ಪ ಬತ್ತಿಯೊಂದನ್ನು ಮಲಗಿಸಿ, ಅರಿಸಿನದ ದಾರ ಪಕ್ಕದಲ್ಲಿಟ್ಟು, ಕಾಯಿಸಿದ ಚಾಕು ಕೈಗೆತ್ತಿಕೊಂಡ. ಮುನಿರತ್ನಕ್ಕ ಅವನನ್ನು ತಡೆದು ದಾರದ ತುದಿಗೆ ತನ್ನ ನಾಲ್ಕು ಬೆರಳು ಜೋಡಿಸಿಟ್ಟಳು.

"ಇಲ್ಲಿಗೆ ಕುಯ್ಯಿ. ಹುಸಾರಾಗ್ತಾ ಅವ್ಳೆ. ನಾನು ಹೋಗೋ ಹೊತ್ಗೆ ಬೆಳ್ದಿರ್ತಾಳೆ. ಸುಳ್ಳು ಅಳತೆ ಆಗಲ್ಲ ಇದು, ಅಲ್ವೇನ್ಲಾ ಸುಬ್ಬು?"

ಸುಬ್ರಮಣಿ ಹೂಂ ಎಂದ. ಅವಳು ಬತ್ತಿಯನ್ನು ಎದೆಗವಚಿಕೊಂಡು ಮರಳು ದಾರಿಯ ಕಡೆ ಹೋದಳು. ಅವಳು ಮರೆಯಾದದ್ದೇ ಅವನು ಬೀದಿಯಲ್ಲೇ ಕುಸಿದು ಕೂತು ಎದೆ ಎದೆ ಬಡಿದುಕೊಂಡು ಅತ್ತ. ಸೆಲ್ವಿ ಓಡಿ ಬಂದಳು. ಅವನು ಎಲ್ಲವನ್ನೂ ಹೇಳಿದ. ಸೆಲ್ವಿ ಕೇಳಿ ಮುಗಿಸಿ ಅವನ ಕಪಾಳಕ್ಕೆ ಬಾರಿಸಿದಳು. ನನ್ನ ಕೈಯೂ ಅದರಲ್ಲಿತ್ತು ಎಂದುಕೊಂಡಿದ್ದೇನೆ.

"ಸೂತಕವಾ? ಯಾರಿಗಯ್ಯಾ ಸೂತಕ? ಶಿಲುಬೆ ಮೇಲೆ ಸತ್ತ ಮಗನ್ನ ಮಡಿಲಲ್ಲಿ ಹಾಕ್ಕೊಂಡು ಕೂತವಳಯ್ಯಾ ನಮ್ಮ ಮಾತಾ! ಅವಳ ಹತ್ರ ಬರೋಕೆ ಸೂತಕ ಅಡ್ಡ ಬರುತ್ತಾ? ನನ್ನ ಒಂದ್ ಮಾತು ಕೇಳಿದ್ರೆ ಆ ಸಂಜೇನೆ ಅಕ್ಕನ್ನ ಬಸ್ ಹತ್ತಿಸ್ತಿದ್ದೆನಲ್ಲಯ್ಯಾ, ಪಾಪಿ!"

ಗುಂಪಿನಲ್ಲಿ ಒಂದಿಬ್ಬರು, ಹೇಗೂ ಇಷ್ಟು ದಿನ ಆಗಿದೆ, ಹರಕೆ ಮುಗಿಯಲಿ, ಆಮೇಲೆ ಹೇಳೋಣ ಎಂದರು. ಸೆಲ್ವಿ ಕೇಳಲಿಲ್ಲ. ಇನ್ನೊಂದು ಗಳಿಗೆಯೂ ಅವಳಿಗೆ ಮೋಸ ಮಾಡಬೇಡಿ ಎಂದು ಹೇಳಿ ಮರಳಿಗೆ ಇಳಿದಳು.

ಮಾತಾ ಕೊಳಕ್ಕೂ ಚರ್ಚಿಗೂ ನಡುವಿನ ಆ ಮರಳಿನಲ್ಲಿ ಮುನಿರತ್ನಕ್ಕ ಅರ್ಧ ದಾರಿ ಸಾಗಿದ್ದಳು. ಮಂಡಿಯ ಹತ್ತಿರ ಸೀರೆ ಹರಿದಿತ್ತು, ಮುಖದಲ್ಲಿ ಗೆಲುವಿತ್ತು. ಎದುರಿಗೆ ಬಂದು ಮಂಡಿಯೂರಿದ ಸೆಲ್ವಿಯನ್ನು ನೋಡಿ, "ನೀನೂ ಬಂದ್ಯಾ?" ಎಂದಳು.

"ಅಕ್ಕಾ, ಸಿಂಚನಾ ಇಲ್ಲ ಅಕ್ಕಾ."

ಮುನಿರತ್ನಕ್ಕ ಬತ್ತಿಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು. "ಯಾವತ್ತು?"

"ಕಾವೇರಿಪಟ್ಟಣದಲ್ಲಿ ಇದ್ವಲ್ಲ, ಅವತ್ತು ಮಧ್ಯಾಹ್ನ."

"ಇಲ್ಲ ಕಣೆ. ಅವತ್ತು ಸಂಜೇಲಿ ಮಾತಾಡುದ್ಲಲ್ಲ. ನೀನೂ ಕೇಳುದ್ಯಲ್ಲ."

ಹಿಂದೆ ಬಂದು ನಿಂತಿದ್ದ ತಮ್ಮನ ಕಡೆಗೆ ಮುನಿರತ್ನಕ್ಕ ತಿರುಗಿದಳು. "ಅದು ಯಾವಾಗಿಂದ್ಲಾ?"

"ರಾಗಿ ಒಕ್ಕಣೇಲಿ ಕಳ್ಸಿದ್ದಕ್ಕ. ಅಲ್ಲಿ ಟವರ್ ಇರ್ನಿಲ್ಲ."

"ಒಕ್ಕಣೇಲಿ ಬಿರ್ನೆ ಬಾ ಅಂದಿದ್ಲಾ?" ಅವಳು ಅದನ್ನೇ ಎರಡು ಸಲ ಕೇಳಿದಳು. "ನಾನು ತಿಂಗ್ಳು ತಡ ಮಾಡ್ದೆ."

ಆಮೇಲೆ ಅವಳು ಕೂಗಿದ ಕೂಗಿಗೆ ಮರಳಿನಲ್ಲಿ ಸಾಗುತ್ತಿದ್ದವರೆಲ್ಲ ನಿಂತುಬಿಟ್ಟರಂತೆ. ಮುಂದಕ್ಕೆ ಅವಳು ಒಂದು ಮೊಳವೂ ಸರಿಯಲಿಲ್ಲ. ಉಳಿದ ದಾರಿಯನ್ನು ಸೆಲ್ವಿಯೇ ಮಂಡಿಯಲ್ಲಿ ಸಾಗಿ ಮುಗಿಸಿದಳು. ಬತ್ತಿಯನ್ನು ಮಾತ್ರ ಮುನಿರತ್ನಕ್ಕ ಯಾರ ಕೈಗೂ ಕೊಡಲಿಲ್ಲ. ಬಸ್ಸಿನಲ್ಲಿ ಅದನ್ನು ನಿಲ್ಲಿಸಲಾಗದೆ, ಮೂವರ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಹೊಸೂರಿನವರೆಗೆ ಬಂದರು.

ಸೆಲ್ವಿ ಫೋನ್ ಮಾಡಿದ್ದರಿಂದ ನಾನೂ ಮಾಲೂರಿನಿಂದ ಬಂದಿದ್ದೆ. ನಾನು ಊರಲ್ಲಿದ್ದಿದ್ದರೆ ಗೋಪಾಲಪ್ಪಣ್ಣನ ಕೈಯಿಂದ ಫೋನ್ ಕಿತ್ತುಕೊಳ್ಳುತ್ತಿದ್ದೆ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡು ಬಂದೆ. ಅವನನ್ನು ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ. "ನಿನ್ ಹರಕೆ ಕೆಡಬಾರ್ದು ಅಂತ..." ಎನ್ನುತ್ತ ಅವನು ಹೆಂಡತಿಯ ಮುಂದೆ ನೆಲಕ್ಕೆ ಕುಸಿದ.

"ಮಖ ನೋಡುದ್ರಾ?" ಎಂದಳು ಮುನಿರತ್ನಕ್ಕ.

"ಹೂಂ."

"ಎಲ್ರೂ ನೋಡುದ್ರಾ?"

"ಹೂಂ ಕಣೆ."

"ನಾನೊಬ್ಳು ನೋಡ್ನಿಲ್ಲ," ಎಂದಳು. ಬತ್ತಿ ಎತ್ತಿಕೊಂಡು ಮಸಣಕ್ಕೆ ಹೊರಟಳು.

ಹೆಂಗಸರು ಮಸಣಕ್ಕೆ ಹೋಗಬಾರದು ಎಂದು ಬೀದಿಯಲ್ಲಿ ಯಾರೋ ಗೊಣಗಿದರು. ಗೋಪಾಲಪ್ಪಣ್ಣ ಮೊದಲ ಬಾರಿಗೆ ನೇಮದ ಮಾತೆತ್ತದೆ ಮುಂದೆ ನಡೆದು ದಾರಿ ತೋರಿಸಿದ. ಹಳ್ಳದ ಪಕ್ಕ ಹೊಂಗೆ ಮರದ ಕೆಳಗೆ ಪುಟ್ಟ ಮಣ್ಣುದಿಬ್ಬ. ಮಳೆಗೆ ಆಗಲೇ ತುಸು ಕುಗ್ಗಿತ್ತು. ಮುನಿರತ್ನಕ್ಕ ಕೂತು ಕೈಯಿಂದಲೇ ತಲೆಯ ಕಡೆ ಮಣ್ಣು ತೋಡಿ ಬತ್ತಿಯನ್ನು ನೆಟ್ಟಳು, ಸುತ್ತ ಕಲ್ಲು ಒತ್ತಿದಳು. ನಿಲ್ಲಬೇಕಾದರೆ ನಾಲ್ಕು ಬೆರಳಿನಷ್ಟು ಮಣ್ಣಿನೊಳಗೆ ಹೋಗಲೇಬೇಕಾಯಿತು. ಮೇಲೆ ಉಳಿದದ್ದು ಸರಿಯಾಗಿ ಸಿಂಚನಾಳ ಎತ್ತರ. ಅವಳು ಎದ್ದು ನಿಂತು ಬತ್ತಿಯ ತುದಿಯ ಮೇಲೆ ಅಂಗೈ ಇಟ್ಟಳು. ಶಾಲೆಗೆ ಕಳಿಸುವಾಗ ಬಾಗಿಲಲ್ಲಿ ಮಗುವಿನ ತಲೆಯ ಮೇಲೆ ಇಡುತ್ತಿದ್ದಳಲ್ಲ, ಹಾಗೆಯೇ.

"ಹಿಮ್ಮಡಿ ಎತ್ತಿದ್ಲು ಕಣೆ ಚಂದ್ರಾ. ಇಷ್ಟೇ ಇಷ್ಟು ಕೇಳಿದ್ಲು. ನಾನೇ ಊರು ಅಂದೆ."

ನಾನು ಅತ್ತುಬಿಟ್ಟೆ. ಗೋಪಾಲಪ್ಪಣ್ಣ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದ. ಮುನಿರತ್ನಕ್ಕ ಅವನ ಕೈ ಹಿಡಿದಳು.

"ಹಚ್ಬ್ಯಾಡಿ," ಎಂದಳು. "ಹಚ್ಚಿದ್ರೆ ಗಿಡ್ಡ ಆಗೋಯ್ತಾಳೆ."